ಪುಕ್ಕಲರ ಸಂಘ

ಮಾದಣ್ಣನಷ್ಟು ಬಾಯಿಬಿಟ್ಟು ಹೆದರುವ ಗಂಡಸನ್ನು ನಾನು ಕಂಡಿಲ್ಲ. ಆರಡಿ ಆಳು, ಹುರಿಮೀಸೆ, ಸರ್ಕಾರಿ ಬಸ್ಸಿನ ಡ್ರೈವರು. ತೊಪ್ಪೂರು ಘಾಟಿ ಬಂತೆಂದರೆ ಆ ಮೀಸೆ ಇದ್ದೂ ಇಲ್ಲದಂತಾಗುತ್ತಿತ್ತು. ಧರ್ಮಪುರಿಯಿಂದ ಸೇಲಂಗೆ ಇಳಿಯುವಾಗ ಎರಡನೇ ಗೇರಿಗೆ ಹಾಕಿ, "ಕೃಷ್ಣಾ, ಭಯ ಆಯ್ತೈತೆ ಕಣ್ಲಾ, ಯಾರೂ ಮಾತಾಡ್ಬೇಡಿ ಅನ್ನು" ಎಂದು ಕಂಡಕ್ಟರನಾದ ನನಗೆ ಕೂಗುವನು. ಹಿಂದಿನ ಲಾರಿಗಳೆಲ್ಲ ಹಾರ್ನ್ ಹೊಡೆದು ಮುಂದೆ ಹೋಗುತ್ತಿದ್ದವು. "ಇದು ಬಸ್ಸಾ, ಮಾಟ್ಟುವಂಡಿಯಾ?" ಎಂದು ಜನ ತಮಿಳಿನಲ್ಲಿ ಬೈಯುವರು. ಎತ್ತಿನಗಾಡಿಯೇ ಅಂದುಕೊಳ್ಳಿ ಎಂದು ನಾನೂ ಅವರ ಜೊತೆ ಸೇರಿ ನಗುತ್ತಿದ್ದೆ. ಘಾಟಿ ಇಳಿದ ಮೇಲೆ ಅವನು ಟವೆಲ್ಲಿನಲ್ಲಿ ಮುಖ ಒರೆಸಿಕೊಂಡು, "ಎದರೋ ಡ್ರೈವರ್ ಬಸ್ಸಲ್ಲಿ ಕುಂತೋರು ಮನೆ ಸೇರ್ತಾರೆ" ಎನ್ನುತ್ತಿದ್ದ.

ನಾವಿಬ್ಬರೂ ರಿಟೈರ್ ಆದ ಮೇಲೆ ಅವನ ಭಯವೆಲ್ಲ ಪೆನ್ಷನ್ ಮೇಲೆ ಬಂದು ಕೂತಿತು. ಪೇಪರಿನಲ್ಲಿ ಅದರ ಸುದ್ದಿ ಬಂದರೆ ಸಾಕು, ಪೆನ್ನಾಗರಂನಿಂದ ಮೊದಲ ಬಸ್ಸು ಹಿಡಿದು ಧರ್ಮಪುರಿಯ ನಮ್ಮ ಮನೆಗೆ ಬರುವನು. "ನಿಲ್ಲಿಸ್ಬುಡ್ತಾರಂತೆ ಕಣ್ಲಾ. ಸಂಗಕ್ಕೆ ಸೇರ್ಕೋ." ನಿವೃತ್ತರ ಪೆನ್ಷನ್ ಉಳಿಸಿಕೊಳ್ಳಲು ನಮ್ಮವರೇ ಕಟ್ಟಿಕೊಂಡಿದ್ದ ಸಂಘ ಅದು. ನಾನು ಸೇರಲಿಲ್ಲ. ಸಂಘದವರ ಸಾಲಿನಲ್ಲಿ ನನ್ನ ಹೆಸರು ಕಂಡರೆ ಬರುವ ಅನ್ನಕ್ಕೂ ಕಲ್ಲು ಬೀಳುತ್ತದೆ ಎಂದು ಒಳಗೊಳಗೇ ಅಳುಕು. ಹೊರಗೆ ಮಾತ್ರ, "ನಿನ್ನಂಗೆ ಪುಕ್ಕಲನಾ ನಾನು?" ಎಂದು ಜಂಬ ಕೊಚ್ಚಿದೆ.

ಅವನಿಗೆ ಸಿಟ್ಟು ಬರಲಿಲ್ಲ. "ಧೈರ್ಯ ಇರೋನು ಒಬ್ನೇ ನಿಂತ್ಕೊಂತಾನೆ. ನಮ್ಮಂಥ ಪುಕ್ಕಲರಿಗೇ ಕಣ್ಲಾ ಸಂಗ ಬೇಕಾಗಿರೋದು" ಎಂದು ಹೇಳಿ, ನನ್ನ ಹೆಂಡತಿ ಸರೋಜ ಕೊಟ್ಟ ಕಾಫಿ ಕುಡಿದು ಹೊರಟ.

ಪೆನ್ಷನ್ ಬರಬೇಕೆಂದರೆ ವರ್ಷಕ್ಕೊಮ್ಮೆ ನಾವು ಯಂತ್ರದ ಮೇಲೆ ಬೆರಳಿಟ್ಟು, ಬದುಕಿದ್ದೇವೆಂದು ತೋರಿಸಬೇಕು. ಆ ಸಲ ಯಂತ್ರ ನನ್ನ ಹೆಬ್ಬೆರಳನ್ನು ಒಪ್ಪಲಿಲ್ಲ. ಟಿಕೆಟ್ ಹರಿದೂ ಹರಿದೂ ಸವೆದಿತ್ತೋ ಏನೋ. ಪೆನ್ಷನ್ ನಿಂತುಹೋಯಿತು. ಆಫೀಸಿಗೆ ಅಲೆದೆ. "ನಾಳೈಕ್ಕಿ ವಾಂಗ" ಎಂದು ಕಿಟಕಿಯವನು ನಾಳೆಗೆ ದೂಡಿದ. ನಾಳೆ ಹೋದರೆ ಮತ್ತೊಂದು ನಾಳೆಗೆ. ನಿಜವಾಗಿ ಸತ್ತೇ ಹೋಗಿದ್ದೇನೋ ಎಂದು ಕನ್ನಡಿ ನೋಡಲೂ ದಿಗಿಲಾಗುತ್ತಿತ್ತು. ಸಕ್ಕರೆ ಕಾಯಿಲೆಯ ಸರೋಜ ನನಗೆ ತಿಳಿಯದಂತೆ ಇನ್ಸುಲಿನ್ ಕಮ್ಮಿ ಚುಚ್ಚಿಕೊಳ್ಳುತ್ತಿದ್ದಾಳೆಂದು ಗೊತ್ತಾದ ದಿನ ಪೆನ್ನಾಗರಂ ಬಸ್ಸು ಹತ್ತಿದೆ.

ಮಾದಣ್ಣ ಅಣಕಿಸಲಿಲ್ಲ. ನನ್ನನ್ನು ಸಂಘಕ್ಕೆ ಸೇರಿಸಿ, ಮರುದಿನವೇ ಹತ್ತಾರು ಮುದುಕರನ್ನು ಕಟ್ಟಿಕೊಂಡು ಆಫೀಸಿಗೆ ಬಂದ. ಮೆಟ್ಟಿಲ ಬಳಿ ಪೊಲೀಸರು ನಿಂತಿದ್ದರು. ನನ್ನ ಕಾಲು ಮುಂದಕ್ಕೆ ಬರಲೊಲ್ಲದು. ಅವನು ನನ್ನ ಕೈ ಹಿಡಿದುಕೊಂಡ.

"ನಂಗೂ ವಾಂತಿ ಬರಂಗೈತೆ. ಬಾ, ನಡುಗ್ಕೊಂಡೇ ಓಗಾಣ."

ಕಿಟಕಿಯ ಮುಂದೆ ನಿಂತು, "ಸಾರ್, ಇವನ್ ಉಯಿರೋಡ ಇರುಕ್ಕಾನ್ ಸಾರ್" ಎಂದು ತೊದಲಿದ. ಇವನು ಬದುಕಿದ್ದಾನೆ, ನಾವೆಲ್ಲ ಸಾಕ್ಷಿ, ಬರೆದುಕೊಳ್ಳುವವರೆಗೂ ಇಲ್ಲೇ ಕೂರುತ್ತೇವೆ ಎಂದು ನೆಲದ ಮೇಲೆ ಕೂತೇಬಿಟ್ಟ. ಮುದುಕರೆಲ್ಲ ಕೂತರು. ಸಂಜೆಯೊಳಗೆ ಸಾಹೇಬರ ಸಹಿ ಬಿತ್ತು. ಆಮೇಲೆ ಸಂಘದ ಒಂದು ಮೀಟಿಂಗನ್ನೂ ನಾನು ತಪ್ಪಿಸಲಿಲ್ಲ.

ಅವನನ್ನು ಕೊನೆಯ ಸಲ ನೋಡಿದ್ದು ಧರ್ಮಪುರಿಯ ದೊಡ್ಡಾಸ್ಪತ್ರೆಯಲ್ಲಿ. ಶ್ವಾಸಕೋಶದಲ್ಲಿ ನೀರು ತುಂಬಿತ್ತು. ಡಾಕ್ಟರು ಏನಂದರು ಎಂದು ಕೇಳಿದೆ. "ಏನಾರ ಅನ್ಲಿ ಬುಡು" ಎಂದ. ಸೂಜಿ ಕಂಡರೆ ಕಿರುಚುತ್ತಿದ್ದ ಆಸಾಮಿ, ನರ್ಸು ಚುಚ್ಚಿದರೆ ತಿರುಗಿಯೂ ನೋಡಲಿಲ್ಲ. ಇವನು ಹೇಗಾದರೂ ಹೆದರಬೇಕು, ಹೆದರಿ ಎದ್ದು ಕೂರಬೇಕು ಅನ್ನಿಸಿತು. ಕಿವಿಯ ಹತ್ತಿರ ಬಗ್ಗಿ ಸುಳ್ಳು ಹೇಳಿದೆ.

"ಅಣ್ಣಾ, ಎಲ್ಲಾರ ಪೆನ್ಷನ್ನೂ ನಿಲ್ಲಿಸ್ಬುಟ್ರಂತೆ. ಆರ್ಡರ್ ಬಂದೈತೆ."

ಕಣ್ಣು ಬಿಟ್ಟ. ನಾನು ಕಾದೆ.

"ಅಂಗಾ?" ಎಂದ. "ನೀವೆಲ್ಲಾ ಇದ್ದೀರಲ್ಲ, ನೋಡ್ಕೊಳ್ಳಿ." ಮೆಲ್ಲಗೆ ಗೋಡೆಯ ಕಡೆ ಮಗ್ಗುಲಾದ.

ನಾನು ಮಂಚದ ಕಂಬಿ ಹಿಡಿದುಕೊಂಡೆ. "ಎದರ್ಕೋ ಅಣ್ಣಾ" ಎಂದು ಅವನ ಬೆನ್ನಿಗೆ ಬೇಡಿಕೊಂಡೆ. "ಒಂದೇ ಒಂದ್ಸಾರಿ ಎದರ್ಕೋ."