ಎಡಗಡೆಯ ಪಿಟೀಲು

ಈವತ್ತು ಬೆಳಿಗ್ಗೆ ಕನ್ನಡಕ ಹುಡುಕುತ್ತಾ ಮಂಚದ ಕೆಳಗೆ ಕೈ ಹಾಕಿದೆ. ಕನ್ನಡಕ ತಲೆಯ ಮೇಲೇ ಇತ್ತು, ಆ ಮಾತು ಬಿಡಿ. ಕೈಗೆ ಸಿಕ್ಕಿದ್ದು ಒಂದು ಚೂರು ರಾಳ. ಪಿಟೀಲಿನ ಕಮಾನಿಗೆ ಉಜ್ಜುತ್ತಾರಲ್ಲ, ಅದು. ಮೂಗಿನ ಹತ್ತಿರ ಹಿಡಿದರೆ ಧೂಪದಂಥ ವಾಸನೆ. ಶ್ರೀಕಂಠಣ್ಣ ಬಂದು ಚಾಪೆಯ ಮೇಲೆ ಕೂತ ಹಾಗಾಯಿತು. ಅವರು ತೀರಿಕೊಂಡು ಎರಡು ವರ್ಷದ ಮೇಲಾಯಿತು. ರಾಳಕ್ಕೆ ಅದು ಗೊತ್ತಿಲ್ಲ.

ನನ್ನ ಹೆಸರು ನೀವು ಕೇಳಿರಲಾರಿರಿ. ದುರ್ಗಿಗುಡಿಯ ಶಾಲೆಯೊಂದರಲ್ಲಿ ಸಂಗೀತದ ಮೇಡಂ ಆಗಿದ್ದೆ. ಹಬ್ಬ ಹುಣ್ಣಿಮೆಗೆ ಕಛೇರಿ ಮಾಡುತ್ತಿದ್ದೆ. ನನ್ನ ಕೀರ್ತಿ ತುಂಗೆಯ ದಡದಲ್ಲಿ ಹುಟ್ಟಿ ಭದ್ರೆಯ ದಡದಲ್ಲಿ ಮುಗಿಯುತ್ತಿತ್ತು. ಬಸ್ಸಿನಲ್ಲಿ ಒಂದು ಒಳ್ಳೆಯ ನಿದ್ದೆಗೂ ಸಾಲದ ದೂರ. ಅಷ್ಟು ದೂರವೂ ನನ್ನ ಎಡಗಡೆ ಕೂತು ಪಿಟೀಲು ನುಡಿಸಿದವರು ಶ್ರೀಕಂಠಣ್ಣ. ಭದ್ರಾವತಿಯ ನ್ಯೂ ಟೌನಿನವರು, ಕಾರ್ಖಾನೆಯ ಕೆಲಸ. ಫಸ್ಟ್ ಶಿಫ್ಟ್ ಮುಗಿಸಿ, ಮಿಂದು, ವಿಭೂತಿ ಹಚ್ಚಿಕೊಂಡು, ಪಿಟೀಲಿನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ನಮ್ಮ ಮನೆಗೆ ಅಭ್ಯಾಸಕ್ಕೆ ಬರುವರು. ಕಂಡಕ್ಟರ್ ಅದನ್ನು ಮೇಲಿಡಿ ಅಂದರೆ, "ಮಗು ಮಲಗಿದೆ ಮಾರಾಯ, ಎಬ್ಬಿಸ್ಬೇಡ" ಎನ್ನುವರು.

ಆಲಾಪನೆಯಲ್ಲಿ ತಾಳವಿಲ್ಲ, ಮೃದಂಗ ಸುಮ್ಮನಿರುತ್ತದೆ. ನಾನು ರಾಗವನ್ನು ಒಂದಿಷ್ಟು ಹಾಡಿ ನಿಲ್ಲಿಸಿದರೆ ಅವರು ಅದನ್ನೇ ತಂತಿಯ ಮೇಲೆ ನುಡಿಸಿ ತೋರಿಸುವರು. ನಾನು ಸ್ವಲ್ಪ ಕೆಡಿಸಿದ್ದನ್ನು ರಿಪೇರಿ ಮಾಡಿಯೇ ವಾಪಸು ಕೊಡುತ್ತಿದ್ದರು ಎನ್ನುವುದು ನಮ್ಮಿಬ್ಬರಿಗೆ ಮಾತ್ರ ಗೊತ್ತಿತ್ತು. ಹೊಗಳಿದರೆ ನಾಚುವರು. "ನಾನು ಮಾಡೋದೇನು ಮಾರಾಯ್ತಿ, ಹೂಂಗುಟ್ಟೋದು. ಕಥೆ ಹೇಳೋರಿಗೆ ಹೂಂ ಅನ್ನೋರು ಇಲ್ದಿದ್ರೆ ಕಥೆ ಮುಂದಕ್ಕೆ ಹೋಗತ್ತಾ?"

ಹಾಗೆಂದು ಅವರಿಗೆ ಆಸೆ ಇರಲಿಲ್ಲವೆಂದಲ್ಲ. ಸಾಯುವುದರೊಳಗೆ ಒಮ್ಮೆ ವೇದಿಕೆಯ ನಡುವೆ ಕೂರಬೇಕು, ತಾನೇ ಕಛೇರಿ ಕೊಡಬೇಕು. ರಿಟೈರಾದ ಮೇಲೆ ನ್ಯೂ ಟೌನಿನವರೇ ಏರ್ಪಾಡು ಮಾಡಿದರು. ಶಾಲಿನ ಮೇಲೆ ಇನ್ನೊಂದು ಶಾಲು ಹೊದ್ದು ಕೂತರು. ನಾನು ಮುಂದಿನ ಸಾಲಿನಲ್ಲಿದ್ದೆ.

ಕಲ್ಯಾಣಿ ಎತ್ತಿಕೊಂಡರು. ಮೊದಲ ಎಳೆಗೇ ಸಭೆ ತಲೆದೂಗಿತು. ಆಮೇಲೆ ಕಮಾನು ನಿಂತಿತು. ಶ್ರೀಕಂಠಣ್ಣ ಬಲಕ್ಕೆ ತಿರುಗಿ ನೋಡಿದರು. ಅಷ್ಟು ವರ್ಷ ನಾನು ಇರುತ್ತಿದ್ದದ್ದು ಅವರ ಬಲಗಡೆ. ಅಂದು ಅಲ್ಲಿದ್ದವನು ಮೃದಂಗದವನು. ತನಗೇ ಸನ್ನೆ ಮಾಡುತ್ತಿದ್ದಾರೆಂದುಕೊಂಡು ಪಾಪ, "ಧೀಂ" ಎಂದು ಒಂದು ಏಟು ಕೊಟ್ಟುಬಿಟ್ಟ. ಸಭೆ ನಕ್ಕಿತು. ಅವರೂ ನಕ್ಕು ಮುಂದುವರಿಸಿದರು. ಇನ್ನೊಂದು ಎಳೆ, ಮತ್ತೆ ನಿಲುಗಡೆ, ಮತ್ತೆ ಬಲಕ್ಕೆ ನೋಟ. ಈ ಸಲ ಮೃದಂಗದವನು ಕೈ ಕಟ್ಟಿಕೊಂಡು ಕೂತಿದ್ದ. ಆ ಮೌನ ನನಗೆ ತಡೆಯಲಾಗಲಿಲ್ಲ, ತಲೆ ತಗ್ಗಿಸಿದೆ.

ಕಛೇರಿ ಮುಗಿದ ಮೇಲೆ ಅವರೇ ಬಸ್ ಸ್ಟಾಂಡಿನವರೆಗೆ ಬಂದು ನನ್ನನ್ನು ಬಸ್ಸು ಹತ್ತಿಸಿದರು. "ಆಗ್ಲಿಲ್ಲ ಮಾರಾಯ್ತಿ. ಒಬ್ನೇ ನುಡಿಸ್ತಾ ಹೋದ್ರೆ ಯಾರಿಗೆ ಹೇಳ್ತಿದೀನಿ ಅನ್ಸತ್ತೆ."

"ಇನ್ನೊಂದ್ಸಲ ಕೂತ್ಕೊಳ್ಳಿ ಅಣ್ಣ, ರೂಢಿ ಆಗತ್ತೆ."

"ಸಾಕು. ನಿನ್ನ ಎಡಗಡೆನೇ ನಂಗೆ ಆರಾಮು."

ಆಗ ಅದನ್ನು ಪಿಟೀಲಿನವರ ಕಾಯಿಲೆ ಎಂದುಕೊಂಡಿದ್ದೆ. ಹಾಡುವವರಿಗೆ ಅಂಟುವುದಿಲ್ಲ, ನಾವು ನಡುವೆ ಕೂರುವವರಲ್ಲವೇ! ಅವರು ಹೋದ ಮೇಲೆ ಗೊತ್ತಾಯಿತು. ಒಂದೆಳೆ ಹಾಡುತ್ತೇನೆ, ಕೊರಳು ತಾನಾಗಿ ನಿಲ್ಲುತ್ತದೆ, ಕಣ್ಣು ಎಡಕ್ಕೆ ಹೋಗುತ್ತದೆ. ಅಲ್ಲಿ ಗೋಡೆ. ಶ್ರುತಿಪೆಟ್ಟಿಗೆ ಮಾತ್ರ ಗುಂಯ್ ಎನ್ನುತ್ತಿರುತ್ತದೆ. ಮುಂದಕ್ಕೆ ಹೋಗುವುದೇ ಇಲ್ಲ. ಒಂದು ರಾಗವನ್ನೂ ಮುಗಿಸದೆ ಈ ಮನೆಯಲ್ಲಿ ಒಬ್ಬಳೇ ದಿನ ಕಳೆದಿದ್ದೇನೆ. ಕೆಳಗಿನ ಮನೆಯ ಕಮಲಮ್ಮ ಒಮ್ಮೆ ಮೆಟ್ಟಿಲಲ್ಲಿ ಹಿಡಿದು, "ನಿಲ್ಸಿ ನಿಲ್ಸಿ ಹಾಡ್ತೀರಲ್ಲ ಮೇಡಂ, ಗಂಟ್ಲು ಸರಿ ಇಲ್ವಾ? ಕಷಾಯ ಮಾಡ್ಕೊಡ್ಲಾ?" ಎಂದಿದ್ದರು. ಕುಡಿದೆ. ಮೆಣಸು ಜಾಸ್ತಿಯಾಗಿತ್ತು.

ನ್ಯೂ ಟೌನಿನವರು ಈ ವರ್ಷವೂ ಕಛೇರಿಗೆ ಕರೆಯಲು ನಿನ್ನೆ ಫೋನ್ ಮಾಡಿದ್ದರು. "ಬೇರೆ ಪಿಟೀಲಿನವರು ಸಿಕ್ತಾರೆ ಮೇಡಂ. ನಾಳೆ ಸಂಜೆ ಒಳಗೆ ಹೇಳ್ಬಿಡಿ, ಇಲ್ಲಾಂದ್ರೆ ಇನ್ನು ತೊಂದ್ರೆ ಕೊಡಲ್ಲ." ಇನ್ನು ಕರೆಯುವುದಿಲ್ಲ ಎಂದು ಅರ್ಥ. ಬೇಡವೆನ್ನಲು ಮಾತು ಜೋಡಿಸಿಕೊಂಡೇ ಈವತ್ತು ಎದ್ದಿದ್ದೆ.

ರಾಳದ ಚೂರನ್ನು ಚಾಪೆಯ ಎಡಗಡೆ ಇಟ್ಟು ಕಲ್ಯಾಣಿ ಶುರುಮಾಡಿದೆ. ಅಷ್ಟರಲ್ಲಿ ಕಮಲಮ್ಮ ಸೊಪ್ಪು ಸೋಸುವ ಮೊರ ಹಿಡಿದು ಮೇಲೆ ಬಂದರು. "ಕರೆಂಟ್ ಇಲ್ಲ, ಟಿವಿ ಇಲ್ಲ, ನಿಮ್ಮ ಹಾಡನ್ನೇ ಕೇಳೋಣ ಅಂತ ಬಂದೆ" ಎಂದು ರಾಳವನ್ನು ಅತ್ತ ಸರಿಸಿ ಅಲ್ಲೇ ಕೂತರು. ಬೇಡವೆನ್ನಲಾದೀತೇ? ಹಾಡಿದೆ. ನಿಂತೆ. ಎಡಕ್ಕೆ ನೋಡಿದೆ.

ಕಮಲಮ್ಮ ಸೊಪ್ಪಿನಿಂದ ತಲೆ ಎತ್ತದೆ, "ಹೂಂ" ಎಂದರು.

ಇನ್ನೊಂದೆಳೆ ಹಾಡಿದೆ. "ಹೂಂ, ಆಮೇಲೆ?" ಎಂದರು, ಸೊಸೆಯ ಮೇಲಿನ ದೂರು ಕೇಳುವಾಗ ಅನ್ನುತ್ತಾರಲ್ಲ, ಹಾಗೆ. ಶ್ರುತಿಗೂ ಅದಕ್ಕೂ ಸಂಬಂಧವಿರಲಿಲ್ಲ. ರಾಗ ಮಾತ್ರ ಮುಂದಕ್ಕೆ ಹೋಯಿತು, ಮೇಲಿನ ಷಡ್ಜ ಮುಟ್ಟಿತು, ಇಳಿದು ಮನೆಗೆ ಬಂತು.

ಮುಗಿಸಿ ಎಡಕ್ಕೆ ನೋಡಿದೆ. ಕಮಲಮ್ಮ ಮೊರ ಕೊಡವುತ್ತಿದ್ದರು. ಶ್ರೀಕಂಠಣ್ಣ ಇರಲಿಲ್ಲ. ಎರಡು ವರ್ಷದಲ್ಲಿ ಮೊದಲ ಸಲ ಗಟ್ಟಿಯಾಗಿ ಅತ್ತೆ. ಅತ್ತು ಮುಗಿದ ಮೇಲೆ ಮುಖ ತೊಳೆದು ನ್ಯೂ ಟೌನಿಗೆ ಫೋನ್ ಮಾಡಿದೆ.

"ಬರ್ತೀನಿ" ಎಂದೆ. "ಪಿಟೀಲು ಯಾರದಾದರೂ ಆಗಲಿ. ಎಡಗಡೆ ಕೂರಿಸಿ."