ಗುಬ್ಬಿಗೆ ಹೋದ ಕೌದಿಯ ನಾಲ್ಕನೇ ಮೂಲೆ

ತುಮಕೂರಿನ ಮರಳೂರಿನಲ್ಲಿ ಕೌದಿ ಮೆಹತಾಬ್ ಮನೆ ಎಲ್ಲಿ ಎಂದು ಕೇಳಿದರೆ ಸಣ್ಣ ಮಕ್ಕಳೂ ಕೈ ಹಿಡಿದು ಕರೆದುಕೊಂಡು ಹೋಗುತ್ತಾರೆ. ಬಾಗಿಲಿಗೆ ಕಾಗದದ ತೋರಣ, ಕಿಟಕಿಗೆ ಕಾಗದದ ಜಾಲರಿ, ಒಳಗೆ ಮಂಚದ ಮೇಲೆ ಅರ್ಧ ಹೊಲಿದ ಕೌದಿ. ಈಗ, ಎರಡು ಸಾವಿರದ ಆರನೇ ಇಸವಿಯಲ್ಲಿ, ಅವಳು ಒಂದು ವಾರ ಶೆಟ್ಟಿಹಳ್ಳಿಯಲ್ಲಿದ್ದರೆ ಇನ್ನೊಂದು ವಾರ ಕುಣಿಗಲ್‌ನಲ್ಲಿ, ಯಾರದ್ದಾದರೂ ಪಡಸಾಲೆಯಲ್ಲಿ ಹೆಂಗಸರ ನಡುವೆ ಕತ್ತರಿ ಹಿಡಿದು ಕೂತಿರುತ್ತಾಳೆ. ಬಸ್ಸಿನಲ್ಲೂ ಅವಳ ಕೈ ಸುಮ್ಮನಿರುವುದಿಲ್ಲ. ಪಕ್ಕದವರ ಮಗು ಅಳತೊಡಗಿದರೆ ಟಿಕೆಟ್ಟನ್ನೇ ಮಡಚಿ ಹಕ್ಕಿ ಮಾಡಿ ಕೊಟ್ಟುಬಿಡುತ್ತಾಳೆ. ಆಮೇಲೆ ಚೆಕಿಂಗಿನವರು ಹತ್ತಿದರೆ ಆ ಹಕ್ಕಿಯನ್ನೇ ತೋರಿಸಬೇಕಾಗುತ್ತದೆ.

ಇಂಥ ಮೆಹತಾಬ್ ಒಂದು ಕಾಲಕ್ಕೆ ಬೀದಿಯಲ್ಲಿ ಯಾರ ಜೊತೆಗೂ ಎರಡು ಮಾತು ಕೂಡಿಸಿ ಆಡಿದವಳಲ್ಲ ಎಂದರೆ ಈಗ ಯಾರೂ ನಂಬುವುದಿಲ್ಲ. ಅದೆಲ್ಲ ಬದಲಾದದ್ದು ಒಂದು ತೊಟ್ಟಿಲ ಕೌದಿಯಿಂದ. ತೊಂಬತ್ತೇಳನೇ ಇಸವಿಯ ಮಾತು ಅದು.

ಆಗ ಅವಳಿಗೆ ಹದಿನೇಳು. ಅಮ್ಮಿ ತೀರಿಕೊಂಡ ವರ್ಷವೇ ಶಾಲೆ ಬಿಟ್ಟು ಮನೆ ಹಿಡಿದಿದ್ದಳು. ತಂದೆ ಕರೀಂ ಸಾಬ್ ಮದುವೆ ಚಪ್ಪರಗಳಿಗೆ ಬಣ್ಣದ ಕಾಗದದ ಅಲಂಕಾರ ಮಾಡುವವರು. ಮೊಹರಮ್ಮಿನ ಬಾಬಯ್ಯನ ಹಬ್ಬ ಬಂತೆಂದರೆ ಮೆರವಣಿಗೆಯ ತಾಬೂತಿನ ಗೋಪುರಕ್ಕೂ ಅವರದ್ದೇ ಕೈ. ಕಾಗದ ಮಡಚಿ ಕತ್ತರಿಸುವ ಸೂಕ್ಷ್ಮ ಕೆಲಸ ಮಾತ್ರ ಮಗಳದ್ದು. ಎಂಟು ಮಡಿಕೆ ಮಾಡಿ, ಉಸಿರು ಬಿಗಿಹಿಡಿದು, ಕತ್ತರಿಯ ತುದಿಯನ್ನು ಅತ್ತಿತ್ತ ಆಡಿಸಿ ಬಿಚ್ಚಿದರೆ ಮಲ್ಲಿಗೆ ಬಳ್ಳಿಯೇ ಹರಡಿಕೊಳ್ಳುತ್ತಿತ್ತು. ಮಿಕ್ಕ ಹೊತ್ತಿನಲ್ಲಿ ಅವಳು ಬಿ.ಎಚ್. ರಸ್ತೆಯ ಟೈಲರ್ ಅಂಗಡಿಯಿಂದ ಬರುವ ಅಂಗಿಗಳಿಗೆ ಕಾಜಾ ಹಾಕುತ್ತಿದ್ದಳು. ಗುಂಡಿ ತೂರಿಸಲು ಬಟ್ಟೆಯಲ್ಲಿ ಕೊಯ್ದ ತೂತಿಗೆ ಸುತ್ತಲೂ ಒತ್ತೊತ್ತಾಗಿ ದಾರ ಬಿಗಿಯುವ ಕೆಲಸ ಅದು. ಅಂಗಿ ಅವಳ ಕೈಗೆ ಬರುವಷ್ಟರಲ್ಲಿ ಹೊಲಿದು ಮುಗಿದಿರುತ್ತಿತ್ತು. ಬಟ್ಟೆ ಕತ್ತರಿಸುವುದಾಗಲಿ ಜೋಡಿಸುವುದಾಗಲಿ ಅವಳು ಕಂಡದ್ದೇ ಇಲ್ಲ.

ಎದುರು ಮನೆ ಶಿವರುದ್ರಮ್ಮನದು. ಅವರ ಮಗಳು ಅನುಪಮಾಳನ್ನು ಗುಬ್ಬಿಗೆ ಕೊಟ್ಟಿತ್ತು. ಚೊಚ್ಚಲ ಸೀಮಂತಕ್ಕೆಂದು ಶಿವರುದ್ರಮ್ಮ ಕಾಗದದ ತೋರಣ ಹೇಳಿದ್ದರು. ಮೆಹತಾಬ್ ತಂದು ಕಟ್ಟಿ, ಯಾರ ಕಣ್ಣಿಗೂ ಬೀಳದೆ ಜಾರಿಕೊಳ್ಳೋಣ ಎನ್ನುವಾಗ ಪಕ್ಕದ ಮನೆಯ ಗಂಗಲಕ್ಷ್ಮಮ್ಮ ಬಾಗಿಲಿಗೆ ಅಡ್ಡ ನಿಂತರು. ಆಕೆಯದು ಬಾಯಿ ಜೋರು, ಮನಸ್ಸು ಬೆಣ್ಣೆ.

"ಎಲ್ಲಿಗೆ ಹೊಂಟೆ? ಈ ಹೂವ ಹೆಂಗ್ ಕತ್ತರಿಸ್ದೆ ಅಂತ ತೋರ್ಸಿ ಹೋಗು. ಇಲ್ದಿದ್ರೆ ಇಲ್ಲೇ ಊಟ ಮಾಡ್ಕೊಂಡ್ ಬಿದ್ದಿರು."

ಮೆಹತಾಬ್ ತಲೆ ಎತ್ತದೆ ಕಾಗದ ಮಡಚಿದಳು, ಕತ್ತರಿಸಿದಳು, ಬಿಚ್ಚಿದಳು. ಸೀಮಂತಕ್ಕೆ ಬಂದಿದ್ದ ಹೆಂಗಸರೆಲ್ಲ ಆರತಿ ತಟ್ಟೆ ಬಿಟ್ಟು ಅವಳ ಸುತ್ತ ಕೂತರು. ಬಸುರಿಯೂ ಎದ್ದು ಬಂದಳು.

ಆವತ್ತಿನಿಂದ ಮಧ್ಯಾಹ್ನವಾದರೆ ಶಿವರುದ್ರಮ್ಮನ ಪಡಸಾಲೆಯೇ ಮೆಹತಾಬಳಿಗೆ ಶಾಲೆ. ಅವಳು ಕಾಗದ ಕತ್ತರಿಸಿ ತೋರಿಸುವಳು, ಶಿವರುದ್ರಮ್ಮ ಕೌದಿ ಹಾಸಿ ತೋರಿಸುವರು. ಹಳೇ ಸೀರೆಗಳನ್ನು ಒಂದರ ಮೇಲೊಂದು ಹಾಸಿ, ಸುಕ್ಕಿಲ್ಲದಂತೆ ಅಂಗೈಯಲ್ಲಿ ಸವರಿ, ಅಂಚಿನಿಂದ ನಡುವಿಗೆ ಸಾಲು ಸಾಲಾಗಿ ಸೂಜಿ ಓಡಿಸುವುದು. ಗಂಗಲಕ್ಷ್ಮಮ್ಮನ ಕಾಗದದ ಹೂವು ಬಿಚ್ಚಿದಾಗಲೆಲ್ಲ ನಡುವೆ ಹರಿದು ಎರಡಾಗುತ್ತಿತ್ತು. "ನಂದು ಅವಳಿ ಹೂವು ಕಣ್ರೇ" ಎಂದು ಆಕೆ ಅದನ್ನೇ ಗೋಡೆಗೆ ಅಂಟಿಸುವರು. ಮೆಹತಾಬ್ ನಗುತ್ತಿದ್ದಳು. ಜನರ ನಡುವೆ ಕೂತು ನಗುವುದು ಇಷ್ಟು ಸುಲಭವೆಂದು ಅವಳಿಗೆ ಗೊತ್ತೇ ಇರಲಿಲ್ಲ.

ಅನುಪಮಾಳಿಗೆ ಹೆಣ್ಣು ಮಗುವಾಯಿತು. ಬಾಣಂತನ ಮುಗಿದು ತಾಯಿ ಮಗು ಗುಬ್ಬಿಗೆ ಹೊರಡುವಾಗ ಜೊತೆಗೆ ತೊಟ್ಟಿಲ ಕೌದಿ ಹೋಗಬೇಕು. ಶಿವರುದ್ರಮ್ಮನ ತವರು ಕೊತ್ತಗೆರೆ. ಆ ಮನೆಯ ಪದ್ಧತಿಯಲ್ಲಿ ಚೊಚ್ಚಲ ಮಗುವಿನ ಕೌದಿಗೆ ಹೊಸ ಬಟ್ಟೆ ನಿಷಿದ್ಧ. ಎರಡೂ ಕಡೆಯ ಹಿರಿಯರು ಉಟ್ಟು ಮೆತ್ತಗೆ ಮಾಡಿದ ಬಟ್ಟೆಯೇ ಆಗಬೇಕು. ಇನ್ನೂ ಒಂದಿದೆ. ಮೂರು ಮೂಲೆ ಮಾತ್ರ ಮುಚ್ಚಿ ನಾಲ್ಕನೆಯದನ್ನು ಹಾಗೇ ಬಿಟ್ಟು ಕಳಿಸಬೇಕು. ಗಂಡಿನ ತಾಯಿ ತನ್ನ ಸೀರೆಯ ತುಂಡೊಂದನ್ನು ಅದರೊಳಗಿಟ್ಟು ಹೊಲಿದರೆ ಮಗು ಆ ಮನೆಗೆ ಸೇರಿತು ಎಂದರ್ಥ.

ಶಿವರುದ್ರಮ್ಮ ಬಟ್ಟೆಯ ಗಂಟು ಬಿಚ್ಚಿದರು. ತಮ್ಮ ತಾಯಿಯ ಕೆಂಪು ಸೀರೆ, ಗುಬ್ಬಿ ಬೀಗರ ಬಿಳಿ ಪಂಚೆ, ಬೀಗಿತ್ತಿ ಸಿದ್ದಗಂಗಮ್ಮ ಕಳಿಸಿದ್ದ ಹಸಿರು ಸೀರೆ.

"ಮೆಹತಾಬೂ, ಕಾಗದದಲ್ಲಿ ಮಾಡ್ತೀಯಲ್ಲ, ದೊಡ್ಡ ಹೂವು, ಸುತ್ತ ಎಲೆ. ಹಂಗೇ ಬರ್ಬೇಕು ಈ ಕೌದಿ. ತುಂಡು ನೀನೇ ಕತ್ತರಿಸು. ನಮ್ಮವ್ವನ ಸೀರೆ ಇದೊಂದೇ ಉಳ್ದಿರೋದು, ನೋಡ್ಕೊಂಡು."

ಮೆಹತಾಬಳ ಕಾಲು ನೆಲಕ್ಕೆ ತಾಗಲಿಲ್ಲ. ಇಂಥ ಗಂಟನ್ನು ನಂಬಿ ಯಾರು ಯಾರ ಕೈಗೆ ಕೊಡುತ್ತಾರೆ? ಮನೆಗೆ ಬಂದವಳೇ ಮೊದಲು ಕಾಗದದಲ್ಲಿ ಅಳತೆ ಕತ್ತರಿಸಿದಳು. ಎಸಳಿಗೆ ಎಸಳು ತಾಗಿಸಿ, ಎಲೆಗೆ ಎಲೆ ಕೂಡಿಸಿ, ಎಲ್ಲೂ ಒಂದು ಕೂದಲೆಳೆ ಸಂದಿಲ್ಲದಂತೆ ನೋಡಿಕೊಂಡಳು. ಆಮೇಲೆ ಅದನ್ನು ಬಟ್ಟೆಯ ಮೇಲಿಟ್ಟು, ಸೀಮೆಸುಣ್ಣದಲ್ಲಿ ಗೆರೆ ಎಳೆದು, ಗೆರೆಯ ಮೇಲೆಯೇ ಕತ್ತರಿ ಬಿಟ್ಟಳು. ಕೆಂಪು ಸೀರೆ ಎಸಳಾಯಿತು, ಹಸಿರು ಎಲೆಯಾಯಿತು, ಪಂಚೆ ಸುತ್ತಲ ಬಿಳಿ ಬಯಲಾಯಿತು.

ಮಾರನೆಯ ದಿನ ಪಡಸಾಲೆಯ ನೆಲದ ಮೇಲೆ ಎಲ್ಲವನ್ನೂ ಜೋಡಿಸಿಟ್ಟಳು. ರಂಗೋಲಿ ಬಿಟ್ಟ ಹಾಗಿತ್ತು. ಅನುಪಮಾ ಮಗುವನ್ನು ಎತ್ತಿಕೊಂಡು ಬಂದು, "ಅಯ್ಯೋ, ನೋಡೇ ನಿನ್ ಹಾಸ್ಗೇನ" ಎಂದಳು. ಶಿವರುದ್ರಮ್ಮ ಸೂಜಿಗೆ ದಾರ ಪೋಣಿಸಿ, ಎರಡು ಎಸಳು ಕೈಗೆತ್ತಿಕೊಂಡು ಅಂಚಿಗೆ ಅಂಚು ಹಿಡಿದರು. ಹಿಡಿದವರು ಹಾಗೇ ನಿಂತರು.

"ಮಡಿಕೆಗೆ ಎಲ್ಲಿ ಬಿಟ್ಟಿದೀಯಾ ಮಗಾ?"

ಮೆಹತಾಬಳಿಗೆ ಅರ್ಥವಾಗಲಿಲ್ಲ. "ಯಾವ ಮಡಿಕೆ?"

ಗಂಗಲಕ್ಷ್ಮಮ್ಮ ಆ ಎರಡು ಎಸಳುಗಳ ಅಂಚನ್ನು ಬೆರಳಗಲ ಒಳಗೆ ಮಡಚಿ ಜೋಡಿಸಿ ತೋರಿಸಿದರು. ಎಸಳಿನ ಚೂಪು ತುದಿ ಮಾಯವಾಯಿತು, ಹೊಟ್ಟೆ ಸಣ್ಣಗಾಯಿತು. "ಕಾಗದ ಆದ್ರೆ ಪಕ್ಕಪಕ್ಕ ಇಟ್ರೆ ಮುಗೀತು. ಬಟ್ಟೆ ಅಂಚು ಒಳಕ್ಕೆ ಮಡಚ್ಲಿಲ್ಲ ಅಂದ್ರೆ ಎಳೆ ಬಿಡ್ತದೆ ಕಣೇ. ಹಿಂಗೆ ಎಲ್ಲಾನೂ ಮಡಚ್ಕೊಂಡು ಬಂದ್ರೆ ಕೊನೇಗೆ ಟವಲ್ ಅಷ್ಟಾಗುತ್ತೆ. ಮಗೀಗೆ ಸಾಲಲ್ಲ, ಮಗೀನ ಗೊಂಬೆಗೆ ಆಯ್ತದೆ."

ಯಾರೂ ಬೈಯಲಿಲ್ಲ. ಶಿವರುದ್ರಮ್ಮ ಕೆಂಪು ಎಸಳನ್ನು ಮೊಣಕಾಲ ಮೇಲಿಟ್ಟು ಸುಮ್ಮನೆ ಸವರುತ್ತಾ ಕೂತರು. ಬೈದಿದ್ದರೆ ಮೆಹತಾಬಳಿಗೆ ನಿಲ್ಲಲು ಆಗುತ್ತಿತ್ತೇನೋ. ಅವಳು ಎದ್ದು ಮನೆಗೆ ಓಡಿದಳು.

ಕರೀಂ ಸಾಬ್ ಮೈದಾ ಅಂಟು ಕಲಸುತ್ತಿದ್ದರು. ಮಗಳು ತೊದಲುತ್ತಾ ಹೇಳಿದ್ದನ್ನು ಪೂರ್ತಿ ಕೇಳಿದರು.

"ಸುಟ್ಟೋಯ್ತಾ ಬಟ್ಟೆ?"

"ಇಲ್ಲ ಅಬ್ಬಾ. ಕತ್ತರಿಸಿಬಿಟ್ಟೆ."

"ಕತ್ತರಿಸೋದು ನಮ್ ಕಸುಬಲ್ವೇನಮ್ಮ. ಕತ್ತರಿಸಿದ ಮೇಲೆ ಏನ್ ಮಾಡ್ತೀವಿ?"

"ಹಿಂದೆ ಒಂದು ಹಾಳೆ ಇಟ್ಟು ಅಂಟಿಸ್ತೀವಿ. ಆದ್ರೆ ಬಟ್ಟೆ ಅಂಟ್ಸಿದ್ರೆ ಒಗೆದಾಗ ಕಿತ್ಕೊಂಡ್ ಬರುತ್ತೆ. ಅಂಚು ಎಳೆ ಬಿಡುತ್ತೆ."

ಕರೀಂ ಸಾಬ್ ಅಂಟಿನ ಕಡೆ ತಿರುಗಿದರು. ಮೆಹತಾಬ್ ಕೈಗೆ ಕೆಲಸ ಬೇಕೆಂದು ಮೂಲೆಯಲ್ಲಿದ್ದ ಅಂಗಿ ಎಳೆದುಕೊಂಡಳು. ಕಾಜಾ ಅರ್ಧ ಆಗಿತ್ತು. ಸೂಜಿ ಚುಚ್ಚಿ, ದಾರದ ಕುಣಿಕೆಯೊಳಗಿಂದ ಎಳೆದು ಬಿಗಿದಳು. ಇನ್ನೊಂದು. ಮತ್ತೊಂದು. ನಾಲ್ಕನೆಯದಕ್ಕೆ ಸೂಜಿ ಹಾಗೇ ನಿಂತಿತು. ಈ ತೂತನ್ನೂ ಬಟ್ಟೆಯಲ್ಲಿ ನೇರವಾಗಿ ಕೊಯ್ದದ್ದೇ ಅಲ್ಲವೇ? ಇದಕ್ಕೆ ಯಾವ ಮಡಿಕೆ ಇದೆ? ಅಂಗಿ ಹರಿದು ಚಿಂದಿಯಾಗುತ್ತದೆ, ಕಾಜಾ ಮಾತ್ರ ಎಳೆ ಬಿಡುವುದಿಲ್ಲ.

ಎಸಳುಗಳನ್ನು ಒಂದಕ್ಕೊಂದು ಜೋಡಿಸುವುದೇ ಬೇಡ. ಒಂದು ಅಖಂಡ ಬಟ್ಟೆಯ ಮೇಲೆ ಕಾಗದದ ಹಾಗೆ ಪಕ್ಕಪಕ್ಕ ಇಡುವುದು. ಅಂಟಿನ ಬದಲು ಅಂಚಿನ ಸುತ್ತ ಕಾಜಾ. ಅವಳು ಎದ್ದು ಕತ್ತರಿ ತಂದಳು. ಒಂದು ಚಿಂದಿಯ ಮೇಲೆ ಸಣ್ಣ ಎಲೆ ಕತ್ತರಿಸಿಟ್ಟು ಸುತ್ತ ಕಾಜಾ ಹಾಕಿದಳು. ಉಗುರಿನಿಂದ ಕೆರೆದಳು. ಒಂದೆಳೆ ಬರಲಿಲ್ಲ.

"ಅಬ್ಬಾ, ಕೆಳಗೆ ಹಾಸೋಕೆ ಹಳೇ ಬಟ್ಟೆ ಬೇಕು. ದೊಡ್ಡದು. ಮೆತ್ತಗಿರೋದು."

ಕರೀಂ ಸಾಬ್ ಎದ್ದು ಕಪಾಟು ತೆಗೆದರು. ಬಣ್ಣದ ಕಾಗದ ಮಾಸದಿರಲೆಂದು ಅಮ್ಮಿ ತಲೆಗೆ ಹೊದೆಯುತ್ತಿದ್ದ ಬಿಳಿ ಓಢನಿಯಲ್ಲಿ ಸುತ್ತಿಡುತ್ತಿದ್ದರು. ಕಾಗದಗಳನ್ನು ಮಂಚದ ಮೇಲೆ ಸುರಿದು ಓಢನಿಯನ್ನು ಮಗಳ ಹೆಗಲಿಗೆ ಹಾಕಿದರು. "ಕಾಗದಕ್ಕೆ ಪೇಪರ್ ಸುತ್ತಿದ್ರೂ ನಡೀತದೆ" ಎಂದರು.

ಮೆಹತಾಬ್ ಬೀದಿ ದಾಟಿದ್ದು ಅವಳಿಗೇ ತಿಳಿಯಲಿಲ್ಲ. ಯಾರೂ ಕರೆಯದೆ ಆ ಮನೆಯ ಹೊಸ್ತಿಲು ದಾಟಿದ್ದು ಅದೇ ಮೊದಲು. ಪಡಸಾಲೆಯ ನಡುವೆ ನಿಂತು ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದಳು. ಕಾಜಾ, ಕುಣಿಕೆ, ಎಸಳು, ಓಢನಿ.

ಗಂಗಲಕ್ಷ್ಮಮ್ಮ ಗಲ್ಲಕ್ಕೆ ಕೈ ಇಟ್ಟುಕೊಂಡರು. "ಇವಳಿಗೆ ಇಷ್ಟೊಂದು ಮಾತು ಬರ್ತದಾ ಅಂತೀನಿ."

ಶಿವರುದ್ರಮ್ಮ ಅವಳು ತಂದಿದ್ದ ಮಾದರಿಯ ಎಲೆಯನ್ನು ಕೈಗೆ ತಗೊಂಡು ಹಿತ್ತಿಲಿಗೆ ಹೋದರು. ಒಗೆಯುವ ಕಲ್ಲಿನ ಮೇಲೆ ಸೋಪು ಹಚ್ಚಿ ಉಜ್ಜಿದರು, ಕುಕ್ಕಿದರು, ಹಿಂಡಿದರು. ಬಿಚ್ಚಿ ಬೆಳಕಿಗೆ ಹಿಡಿದರು. ಎಲೆ ಇದ್ದ ಹಾಗೇ ಇತ್ತು.

ಆಮೇಲೆ ಓಢನಿ ಮುಟ್ಟಿ ನೋಡಿದರು. "ಯಾರ್ದಿದು?"

"ಅಮ್ಮೀದು."

"ಉಟ್ಟು ಮೆತ್ತಗಾಗಿದೆ. ಹಿರೀರದ್ದೇ. ಮತ್ತಿನ್ನೇನು, ಹಾಸು."

ಅನುಪಮಾ ಹೊರಡುವ ಸೋಮವಾರ ಹತ್ತಿರವಿತ್ತು. ಕಾಜಾ ಹೊಲಿಗೆ ಗೊತ್ತಿದ್ದುದು ಒಬ್ಬಳಿಗೇ. ಆದ್ದರಿಂದ ಮೆಹತಾಬ್ ಎಲ್ಲರಿಗೂ ಕಲಿಸಲೇಬೇಕಾಯಿತು. "ಕುಣಿಕೆ ಬಿಗಿ ಮಾಡಿ ಅಮ್ಮ, ಸಡಿಲ ಆಗ್ಬಾರ್ದು. ಅಲ್ಲ, ಅದನ್ನ ಬಿಚ್ಚಿ." ಶಿವರುದ್ರಮ್ಮ ಶಾಲೆಯ ಮಗುವಿನ ಹಾಗೆ ಬಿಚ್ಚಿದರು. ಓಢನಿಯ ನಾಲ್ಕೂ ಕಡೆ ನಾಲ್ವರು ಕೂತು ಸೂಜಿ ಓಡಿಸಿದರು. ಅನ್ನ ಸೀದಿತು, ಮಗು ಅತ್ತಿತು, ಬಾಣಂತಿಯೂ ಎಡಗೈಯಲ್ಲಿ ಮಗು ಹಿಡಿದು ಬಲಗೈಯಲ್ಲಿ ಎಳೆ ಎಳೆದಳು. ಭಾನುವಾರ ಸಂಜೆ ಹೊತ್ತಿಗೆ ಹಿಂದೆ ಹಳೇ ಸೀರೆಗಳ ಪದರ ಸೇರಿ ಕೌದಿ ಮುಗಿಯಿತು. ಮೂರು ಮೂಲೆ ಮುಚ್ಚಿತು. ನಾಲ್ಕನೆಯದು ಬಾಯಿ ತೆರೆದುಕೊಂಡು ಗುಬ್ಬಿಗೆ ಹೋಯಿತು.

ಕೌದಿ ಹೋಗಿ ವಾರದೊಳಗೇ ಅನುಪಮಾಳ ಗಂಡ ಮಲ್ಲಿಕಾರ್ಜುನ್ ತುಮಕೂರಿಗೆ ಬಂದವನು ಅತ್ತೆ ಮನೆಗೆ ಬಂದ.

"ಅತ್ತೆ, ಅಮ್ಮ ಇನ್ನೂ ಮೂಲೆ ಮುಚ್ಚಿಲ್ಲ. ಕತ್ತರಿಸಿದ ಹುಡುಗೀನ ಕರ್ಕೊಂಬರ್ಬೇಕಂತೆ."

"ಯಾಕಂತೆ?"

"ಅದೆಲ್ಲ ನಂಗೆ ಹೇಳ್ತಾರಾ? ಕೌದಿ ಬಿಸಿನೀರಿಗೆ ಹಾಕಿದ್ರು. ಆಮೇಲಿಂದ ಅದನ್ನೇ ತಿರುವಿ ತಿರುವಿ ನೋಡ್ತಾವ್ರೆ."

ಬಿಸಿನೀರು ಎಂದದ್ದೇ ಪಡಸಾಲೆಯಲ್ಲಿ ಕೂತಿದ್ದ ಮೆಹತಾಬ್ ಕೈಯಲ್ಲಿದ್ದ ಕತ್ತರಿಯನ್ನು ಕೆಳಗಿಟ್ಟಳು. ಕೆಂಪು ಸೀರೆ ಎಳೆ ಬಿಟ್ಟಿರಬೇಕು. ಗುಬ್ಬಿ ಬಸ್ಸಿನಲ್ಲಿ ಶಿವರುದ್ರಮ್ಮನ ಪಕ್ಕ ಕೂತವಳು ಕೈಗಳನ್ನು ತೊಡೆಯ ಕೆಳಗೆ ಒತ್ತಿ ಇಟ್ಟುಕೊಂಡಿದ್ದಳು. ಶಿವರುದ್ರಮ್ಮನೂ ದಾರಿಯುದ್ದಕ್ಕೂ ಕಡ್ಲೆಕಾಯಿ ಸುಲಿದರೇ ಹೊರತು ಒಂದನ್ನೂ ತಿನ್ನಲಿಲ್ಲ.

ಬೀಗರ ಮನೆಯ ಅಂಗಳದಲ್ಲಿ ಕೌದಿ ತಂತಿಯ ಮೇಲೆ ಹರಡಿತ್ತು. ಮೆಹತಾಬ್ ಚಪ್ಪಲಿಯನ್ನೂ ಬಿಡದೆ ಅಲ್ಲಿಗೇ ಹೋದಳು. ಕೆಂಪು ಎಸಳಿನ ತುದಿ ಮುಟ್ಟಿದಳು. ಚೂಪಾಗಿಯೇ ಇತ್ತು. ಎಲೆಗಳು ಇದ್ದವು. ಅಮ್ಮಿಯ ಓಢನಿ ಇನ್ನೂ ಬೆಳ್ಳಗಾಗಿತ್ತು. ಹಾಗಾದರೆ ಕರೆಸಿದ್ದು ಯಾಕೆ?

"ನೀನೇನಾ?" ಸಿದ್ದಗಂಗಮ್ಮ ಬಾಗಿಲಲ್ಲಿ ನಿಂತಿದ್ದರು. ಬಂದು ಕೌದಿಯ ನಾಲ್ಕನೇ ಮೂಲೆ ಎತ್ತಿ ತೋರಿಸಿದರು. ಅಲ್ಲಿ ಸೂಜಿ ಚುಚ್ಚಿ ಬಿಚ್ಚಿದ ಗುರುತುಗಳು. "ಹಾಕ್ತೀನಿ, ಬಿಚ್ತೀನಿ. ಈ ಹೊಲಿಗೆ ನನ್ ಕೈಗೆ ಹತ್ತಲ್ಲ ಅಂತದೆ. ಮೂರು ಮೂಲೆ ಒಂಥರ, ನಮ್ಮನೆ ಮೂಲೆ ಮಾತ್ರ ಒಂಥರ ಆದ್ರೆ ಈ ಬೀಗಿತ್ತಿ ಊರೆಲ್ಲ ಹೇಳ್ಕೊಂಡು ನಗಲ್ವ?"

"ನಗ್ತಿದ್ದೆ" ಎಂದರು ಶಿವರುದ್ರಮ್ಮ, ಆಗ ಮೊದಲ ಕಡ್ಲೆಕಾಯಿ ಬಾಯಿಗೆ ಹಾಕಿಕೊಂಡು.

"ಅದಕ್ಕೇ ಕರ್ಸಿದ್ದು. ಬಾರಮ್ಮ, ಕಲ್ಸು. ಮೂಲೆ ನಾನೇ ಮುಚ್ಚೋದು, ನೀನು ಹೇಳ್ತಾ ಹೋಗು. ಆ ಕಾಗದದ ಹೂವೂ ತೋರಿಸ್ಬೇಕು ನೀನು. ಅನುಪಮಾ ಬೀದಿಗೆಲ್ಲ ಹೇಳವ್ಳೆ."

ಒಳಗೆ ನಡುಮನೆಯಲ್ಲಿ ಅಕ್ಕಪಕ್ಕದ ಹೆಂಗಸರು ಆಗಲೇ ಚಾಪೆಯ ಮೇಲೆ ಕೂತಿದ್ದರು. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಕತ್ತರಿ, ಹಳೇ ಪೇಪರು. ಮಗು ತೊಟ್ಟಿಲಲ್ಲಿ ಕಾಲು ಬಡಿಯುತ್ತಿತ್ತು. ಮೆಹತಾಬ್ ಸಿದ್ದಗಂಗಮ್ಮನ ಎದುರು ಕೂತು, ಒಣಗಿದ ಕೌದಿಯ ಮೂಲೆಯನ್ನು ಅವರ ಮಡಿಲಿಗಿಟ್ಟು, ಅವರ ಸೀರೆಯ ಹಸಿರು ತುಂಡನ್ನು ಒಳಗೆ ಸೇರಿಸಲು ಹೇಳಿದಳು.

"ಈಗ ಸೂಜಿ ಕೆಳಗಿಂದ ಬರ್ಲಿ. ದಾರ ಪೂರ್ತಿ ಎಳೀಬೇಡಿ, ಕುಣಿಕೆ ಬಿಡಿ."

"ಕೇಳಿಸ್ಲಿಲ್ಲ ಕಣಮ್ಮ" ಎಂದರು ಹಿಂದೆ ಗೋಡೆಗೆ ಒರಗಿ ಕೂತಿದ್ದ ಒಬ್ಬ ಅಜ್ಜಿ.

ಮೆಹತಾಬ್ ತಲೆ ಎತ್ತಿ, ಗೋಡೆಯವರೆಗೂ ಮುಟ್ಟುವ ಹಾಗೆ, ಮತ್ತೆ ಮೊದಲಿನಿಂದ ಹೇಳಿದಳು.