ಹೊಸ್ತಿಲಿನವರೆಗೂ ಸದನ

ಬೆಳಗಿನ ಆರು ಗಂಟೆ. ಸದನದಲ್ಲಿ ಇನ್ನೂ ಯಾರೂ ಜಗಳಕ್ಕೆ ಬಂದಿಲ್ಲ. ಖಾಲಿ ಕುರ್ಚಿಗಳ ಸಾಲಿನ ನಡುವೆ ಒಬ್ಬರು ಮಾತ್ರ ಬರಿಗಾಲಲ್ಲಿ ಓಡಾಡುತ್ತಿದ್ದಾರೆ. ಹೆಬ್ಬೆರಳಿನಿಂದ ರತ್ನಗಂಬಳಿಯನ್ನು ಒತ್ತಿ ಒತ್ತಿ ನೋಡುತ್ತಾರೆ. ಮಡಿಕೆ ಸಿಕ್ಕರೆ ಹಿಮ್ಮಡಿಯಿಂದ ತುಳಿದು ಸರಿಮಾಡುತ್ತಾರೆ. ಅದಕ್ಕೂ ಬಗ್ಗದಿದ್ದರೆ ಬಾಗಿಲ ಬಳಿಯ ರಿಜಿಸ್ಟರಿನಲ್ಲಿ ಸಮಯ ಸಮೇತ ಬರೆದಿಡುತ್ತಾರೆ.

"ಬರಿ ಕೈಯಲ್ಲಿ ಎಡವಿದ್ರೆ ನಾನೊಬ್ನೇ ಬೀಳ್ತೀನಿ. ಕೈಯಲ್ಲಿ ಶಾಸಕರಿದ್ದಾಗ ಎಡವಿದ್ರೆ ಒಂದು ಕ್ಷೇತ್ರವೇ ಬಿದ್ದ ಹಾಗೆ."

ಇವರು ಸದನದ ಹಿರಿಯ ಮಾರ್ಷಲ್. ನೀವು ಇವರನ್ನು ಟೀವಿಯಲ್ಲಿ ನೋಡಿದ್ದೀರಿ, ಆದರೆ ಕಂಡಿಲ್ಲ. ಗಾಳಿಯಲ್ಲಿ ತೇಲುತ್ತಾ ಧಿಕ್ಕಾರ ಕೂಗುವ ಸದಸ್ಯರ ಕೆಳಗೆ ನಾಲ್ಕು ಜೊತೆ ಕೈ ಇರುತ್ತವಲ್ಲ, ಅದರಲ್ಲಿ ಭುಜದ ಕಡೆಯ ಜೊತೆ ಇವರದು. ಸದಸ್ಯರು ಪ್ರೀತಿಯಿಂದ ಇಟ್ಟ ಹೆಸರು 'ಪಲ್ಲಕ್ಕಿ'. ಮೂವತ್ತೊಂದು ವರ್ಷದ ನೌಕರಿಯಲ್ಲಿ ಇನ್ನೂರ ಹನ್ನೆರಡು ಸಲ ಜನಪ್ರತಿನಿಧಿಗಳನ್ನು ಹೊತ್ತು ಹೊರಗಿಟ್ಟಿದ್ದಾರೆ. ಇವರು 'ಹಾಕಿದೆ' ಅನ್ನುವುದಿಲ್ಲ, 'ಇಟ್ಟೆ' ಅನ್ನುತ್ತಾರೆ. ಈವರೆಗಿನ ನಷ್ಟ: ಅಂಗಿಯ ಎರಡು ಗುಂಡಿ, ಒಂದು ಚಪ್ಪಲಿಯ ಉಂಗುಷ್ಟ. ಗುಂಡಿಗಳನ್ನು ಗಂಬಳಿಯಲ್ಲಿ ಹುಡುಕಿ ವಾಪಸು ಕೊಟ್ಟಿದ್ದಾರೆ.

ಕಷ್ಟಗಳು ಇಲ್ಲವೆಂದಲ್ಲ. ಎಡ ಮಂಡಿ ಮಾತು ಕೇಳುವುದಿಲ್ಲ. ಒಮ್ಮೆ ಒಬ್ಬ ಮಾನ್ಯ ಸದಸ್ಯರು ತೋಳು ಕಚ್ಚಿದ್ದರು. ಅವರೀಗ ಮಂತ್ರಿ, ಎದುರಾದಾಗಲೆಲ್ಲ ತೋಳಿನ ಯೋಗಕ್ಷೇಮ ವಿಚಾರಿಸುತ್ತಾರೆ.

ಅಧಿವೇಶನದ ದಿನಗಳಲ್ಲಿ ಇವರು ಕೈಗಡಿಯಾರ, ಉಂಗುರ ಮನೆಯಲ್ಲೇ ಬಿಟ್ಟು ಬರುತ್ತಾರೆ, ಯಾರಿಗೂ ತರಚಬಾರದೆಂದು. ಉಗುರು ಕತ್ತರಿಸುವುದು ಹೆಂಡತಿಯ ಪಾಲು. "ಮಂತ್ರಿ ಆಗೋರನ್ನೆಲ್ಲ ಮಗೂ ಥರ ಎತ್ಕೋತಾರೆ," ಅನ್ನುತ್ತಾರೆ ಆಕೆ. "ಮನೇಲಿ ಗ್ಯಾಸ್ ಸಿಲಿಂಡರ್ ಸ್ವಲ್ಪ ಸರಿಸಿ ಅಂದ್ರೆ ಸೊಂಟ ಹಿಡ್ಕೊಂಡು ಕೂತ್ಬಿಡ್ತಾರೆ."

ಇನ್ನೂರ ಹನ್ನೆರಡರಲ್ಲಿ ಹದಿನೇಳು ಸಲ ಹೊತ್ತದ್ದು ಒಬ್ಬರನ್ನೇ. ವಿರೋಧ ಪಕ್ಷದ ಕೊನೆಯ ಸಾಲಿನಲ್ಲಿ ಕೂರುವ ಕಡ್ಡಿ ದೇಹದ ಹಿರಿಯರು. ಹಿಂದೆ ಶಾಲೆಯಲ್ಲಿ ಪಾಠ ಹೇಳುತ್ತಿದ್ದವರು, ಈಗಲೂ ಎಲ್ಲರಿಗೂ 'ಮೇಷ್ಟ್ರು'. ಮಾರ್ಷಲ್‌ಗಳು ಹತ್ತಿರ ಬಂದರೆ ಕನ್ನಡಕ ತೆಗೆದು ಜೇಬಿಗಿಟ್ಟು, "ಬಾಪ್ಪಾ, ಬಲಗಡೆಯಿಂದ ಎತ್ತು, ಎಡಗಡೆ ಉಳುಕಿದೆ," ಅನ್ನುತ್ತಾರೆ.

ಕಳೆದ ಅಧಿವೇಶನದಲ್ಲಿ ಮೇಷ್ಟ್ರು ಒಂದು ಕಡತ ಹಿಡಿದು ಎದ್ದು ನಿಂತರು. ಹನ್ನೊಂದು ಸರ್ಕಾರಿ ಆಸ್ಪತ್ರೆಗಳಿಗೆ ಲಿಫ್ಟ್ ಖರೀದಿಯಾಗಿದೆ. ಹನ್ನೊಂದೂ ಒಂದೇ ಅಂತಸ್ತಿನ ಕಟ್ಟಡಗಳು. "ಈ ಲಿಫ್ಟ್ ರೋಗೀನ ಎಲ್ಲಿಗೆ ಕರ್ಕೊಂಡು ಹೋಗುತ್ತೆ, ಸೀದಾ ಮೇಲಕ್ಕಾ?" ಅಂದರು. ಆಡಳಿತ ಪಕ್ಷದ ಬೆಂಚುಗಳು ಕುದ್ದವು. ಮೈಕ್ ಬಂದ್ ಆಯಿತು. ಕೂರಿ ಎಂದು ಮೂರು ಸಲ ಹೇಳಿದ ಸಭಾಧ್ಯಕ್ಷರು, ನಾಲ್ಕನೆಯ ಸಲ ಮಾರ್ಷಲ್‌ಗಳತ್ತ ನೋಡಿದರು.

ಮೇಷ್ಟ್ರ ಬಳಿ ಒಂದೇ ಒಂದು ವಾಕ್ಯ ಉಳಿದಿತ್ತು: ಲಿಫ್ಟ್ ಮಾರಿದವರು ಯಾರು ಅನ್ನುವುದು. ಅದನ್ನು ಹೊರಗೆ ಹೇಳಿದರೆ ಮಾನನಷ್ಟ ಮೊಕದ್ದಮೆ. ಒಳಗೆ ಹೇಳಿ, ಅದು ಸದನದ ಕಡತಕ್ಕೆ ಹೋದರೆ, ಸಚಿವರು ಉತ್ತರ ಕೊಡಲೇಬೇಕು.

ಕೊನೆಯ ಸಾಲಿನಿಂದ ಬಾಗಿಲಿಗೆ ಎರಡು ದಾರಿ. ಎಡಕ್ಕೆ ಹತ್ತೊಂಬತ್ತು ಹೆಜ್ಜೆ. ಬಲಕ್ಕೆ, ಸದನದ ಬಾವಿಯನ್ನು ಬಳಸಿ, ಕಲಾಪ ಬರೆದುಕೊಳ್ಳುವ ಶೀಘ್ರಲಿಪಿಕಾರರ ಮೇಜಿನ ಪಕ್ಕದಿಂದ ನಲವತ್ತೆರಡು. ಮಾರ್ಷಲ್ ಬಲಕ್ಕೆ ತಿರುಗಿದರು. ಮೇಜು ಕುಟ್ಟುವ ಸದ್ದಿನಲ್ಲಿ, ಅಂಗಾತ ತೇಲುತ್ತಲೇ ಮೇಷ್ಟ್ರು ವಾಕ್ಯ ಶುರುಮಾಡಿದರು. ಅವರ ತಲೆ ಶೀಘ್ರಲಿಪಿಕಾರ್ತಿಯ ಪೆನ್ಸಿಲಿಗೆ ಒಂದು ಮೊಳ ದೂರವಿದ್ದಾಗ ವಾಕ್ಯ ಮುಗಿಯಿತು: "ಲಿಫ್ಟ್ ಮಾರಿದ ಕಂಪನಿಯ ಮಾಲೀಕ ಆರೋಗ್ಯ ಸಚಿವರ ಸ್ವಂತ ಷಡ್ಡಕ."

ಆಮೇಲೆ ಮೆಲ್ಲಗೆ, "ಇನ್ನು ಬೇಗ ನಡಿಯಪ್ಪ, ಸೊಂಟ ನೋಯ್ತಿದೆ."

ಎಂಟೇ ದಿನಕ್ಕೆ ಮಾರ್ಷಲ್‌ಗೆ ನೋಟಿಸ್ ಬಂತು. ಹತ್ತಿರದ ದಾರಿ ಬಿಟ್ಟು ಸುತ್ತು ಬಳಸಿದ್ದೇಕೆ? ಪಿಂಚಣಿಯನ್ನು ಏಕೆ ತಡೆಹಿಡಿಯಬಾರದು? ನಿವೃತ್ತಿಗೆ ನಾಲ್ಕು ತಿಂಗಳಿತ್ತು. "ನಾನು ಇವ್ರಿಗೆ ಏನೂ ಅನ್ಲಿಲ್ಲ," ಅನ್ನುತ್ತಾರೆ ಹೆಂಡತಿ. "ಎರಡು ದಿನ ಅಡುಗೆಗೆ ಉಪ್ಪು ಹಾಕೋದು ಮರ್ತೆ, ಅಷ್ಟೆ."

ವಿಚಾರಣೆಗೆ ಬಂದ ಅಧಿಕಾರಿಯ ಮುಂದೆ ಇವರು ಇಟ್ಟದ್ದು ಬಾಗಿಲ ಬಳಿಯ ರಿಜಿಸ್ಟರ್. ಆ ದಿನದ ಪುಟದಲ್ಲಿ, ಬೆಳಿಗ್ಗೆ ಆರು ಹತ್ತಕ್ಕೆ: 'ಎಡ ದಾರಿ, ಮೂರನೇ ಸಾಲಿನ ಬಳಿ ಗಂಬಳಿ ಮಡಿಕೆ. ತುಳಿದರೂ ಕೂರಲಿಲ್ಲ.' ಅಧಿಕಾರಿಗೆ ನಂಬಿಕೆ ಬರಲಿಲ್ಲ. ಇಂಥ ಕತೆ ಎಷ್ಟು ಕೇಳಿಲ್ಲ ಎಂಬಂತೆ ತಾವೇ ಎಡ ದಾರಿಯಲ್ಲಿ ಬಿರಬಿರನೆ ನಡೆದರು. ಮೂರನೇ ಸಾಲಿನ ಬಳಿ ಕಾಲು ಸಿಕ್ಕಿ ಮುಗ್ಗರಿಸಿದರು. ನೋಟಿಸಿನ ಪ್ರತಿ ಸಮೇತ ಕಾಗದಗಳೆಲ್ಲ ಚೆಲ್ಲಾಪಿಲ್ಲಿ. ಅವರ ಮೊಣಕೈ ಹಿಡಿದು ನಿಲ್ಲಿಸಿದವರು ಆರೋಪಿಯೇ. ವಿಚಾರಣೆ ಅಲ್ಲಿಗೆ ಮುಗಿಯಿತು. ಪಿಂಚಣಿ ಉಳಿಯಿತು. ಕಡತಕ್ಕೆ ಹೋದ ಆ ವಾಕ್ಯಕ್ಕೆ ಸಚಿವರು ಕೊಟ್ಟ ಉತ್ತರ ಯಾರಿಗೂ ಸಾಲದೆ ಸದನ ಸಮಿತಿ ರಚನೆಯಾಗಿದೆ. ಗಂಬಳಿ ಮಾತ್ರ ಇನ್ನೂ ಹಾಗೇ ಇದೆ.

ಮಡಿಕೆ ಇಲ್ಲದಿದ್ದರೆ ಯಾವ ಕಡೆ ತಿರುಗುತ್ತಿದ್ದಿರಿ? ಈ ಪ್ರಶ್ನೆಗೆ ಅವರು ಅಂಗೈ ನೋಡಿಕೊಳ್ಳುತ್ತಾರೆ. "ಮಡಿಕೆ ಇತ್ತಲ್ಲ," ಅನ್ನುತ್ತಾರೆ. ರಿಜಿಸ್ಟರನ್ನು ಮುಚ್ಚಿಡುತ್ತಾ, "ನಾನು ಮೇಷ್ಟ್ರಿಗೆ ಯಾವತ್ತೂ ಓಟು ಹಾಕಿದವನಲ್ಲ. ನಾಳೆ ಈ ಕಡೆಯವರು ಆ ಕಡೆ ಕೂತ್ರೂ ಹೀಗೇ ಎತ್ತೀನಿ. ಹೊರಗೆ ಕಳಿಸು ಅಂತ ಆದೇಶ ಇರುತ್ತೆ, ಬಾಯಿ ಮುಚ್ಚಿಸು ಅಂತ ಇರಲ್ಲ. ಹೊಸ್ತಿಲು ದಾಟೋವರೆಗೂ ಅವರು ಸದನದಲ್ಲೇ ಇರ್ತಾರೆ."

ಮುಂದಿನ ತಿಂಗಳು ನಿವೃತ್ತಿ. ಸನ್ಮಾನ, ಶಾಲು ಬೇಡ ಎಂದಿದ್ದಾರೆ. ಕೇಳಿರುವುದು ಸಾರ್ವಜನಿಕರ ಗ್ಯಾಲರಿಗೆ ಒಂದು ಪಾಸ್ ಮಾತ್ರ.

"ಹದಿನೇಳು ಸಲ ಎತ್ತಿದೀನಿ, ಒಂದು ಸಲಾನೂ ಮೇಷ್ಟ್ರ ಭಾಷಣ ಪೂರ್ತಿ ಕೇಳಿಲ್ಲ. ಯಾವಾಗ ಕರೀತಾರೋ ಅಂತ ಅಧ್ಯಕ್ಷರ ಮುಖಾನೇ ನೋಡ್ತಾ ನಿಂತಿರ್ತಿದ್ದೆ. ಇನ್ಮೇಲೆ ಮೇಲೆ ಕೂತು, ಮೊದಲಿಂದ ಕೊನೇವರೆಗೂ ಕೇಳ್ಬೇಕು. ಎತ್ತೋಕೆ ಹೊಸಬರು ಬರ್ತಾರಲ್ಲ," ಅನ್ನುತ್ತಾ ಚಪ್ಪಲಿ ಮೆಟ್ಟಿಕೊಳ್ಳುತ್ತಾರೆ. "ಅವಸರ ಮಾಡ್ಬೇಡಿ ಅಂತ ಹೇಳಿಕೊಟ್ಟಿದೀನಿ."